ಮೀಟಿಂಗ್ ಕರೆಯದ ಪ್ರಧಾನಿ

ಬೆಳಗ್ಗೆ 6.30ಕ್ಕೆ ನಮ್ಮ ಮನೆಮಂದಿಯ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. "ಈಗಷ್ಟೇ ಬಂದ ಸುದ್ದಿ! ಟುವಾಲು ದ್ವೀಪದಲ್ಲಿ ಒಂದೇ ಒಂದು ಉಪಚುನಾವಣೆ ಸೋತ ಪ್ರಧಾನಿಯನ್ನು ಬ್ರಿಟನ್ ರಾಣಿ ಮನೆಗೆ ಕಳಿಸಿದರು. ನಮ್ಮಲ್ಲಿ ಯಾವಾಗ? 10 ಜನರಿಗೆ ಕಳಿಸಿ." ಅದರ ಕೆಳಗೆ ಅವರದೇ ಮಾತು: "ಕುರ್ಚಿ ಬಿಡುವುದನ್ನೂ ಕಲಿಯಬೇಕು ಮಕ್ಕಳೇ."

ಅತ್ತೆ ಕೈಮುಗಿದ ಚಿತ್ರ ಹಾಕಿದರು. ಭಾವ ಎಂದಿನಂತೆ "ಸೂಪರ್".

ಮಂಗಳೂರಿನ ಅಣ್ಣ ಸುಮ್ನಿರುವ ಜಾತಿಯಲ್ಲ. "ಯಾವ ರಾಣಿ ದೊಡ್ಡಪ್ಪ? ಅವರು ಹೋಗಿದ್ದು 2022ರಲ್ಲಿ. ಇದು ಎಲ್ಲಿಂದ ಬಂತು?"

"ವಾಕಿಂಗ್ ಗುಂಪಲ್ಲಿ ರಿಟೈರ್ಡ್ ತಹಶೀಲ್ದಾರರು ಹಾಕಿದ್ದು. ಅವರೇನು ಸುಳ್ಳು ಹೇಳ್ತಾರಾ?"

ಅಣ್ಣ ಉದ್ದಕ್ಕೆ ಬರೆದ. "ಇದು 2013ರ ಕಥೆ. ಟುವಾಲು ಪೆಸಿಫಿಕ್ ಸಾಗರದ ಪುಟ್ಟ ದೇಶ; ಜನ ಸುಮಾರು 11,000, ಸಂಸತ್ತಿನಲ್ಲಿ ಆಗ 15 ಸೀಟು, ಪಕ್ಷಗಳೇ ಇಲ್ಲ. 2012ರ ಡಿಸೆಂಬರಿನಲ್ಲಿ ಹಣಕಾಸು ಮಂತ್ರಿ ಲೊಟೊಆಲಾ ಮೆಟಿಯಾ ತೀರಿಕೊಂಡರು, ನುಕುಫೆಟೌ ಸೀಟು ಖಾಲಿಯಾಯಿತು. ಪ್ರಧಾನಿ ವಿಲಿ ಟೆಲಾವಿ ಚುನಾವಣೆಯನ್ನು ಮುಂದೆ ತಳ್ಳುತ್ತಲೇ ಹೋದರು. ಕೋರ್ಟ್ ಹೇಳಿದ ಮೇಲೆ ಜೂನ್ 28ಕ್ಕೆ ನಡೆಯಿತು. ವಿರೋಧಿಗಳು ಗೆದ್ದು 8 ಜನ ಆದರು, ಬಹುಮತ ಅವರದಾಯಿತು. ಆಮೇಲೂ ಈ ಪುಣ್ಯಾತ್ಮ ಸಂಸತ್ತು ಕರೆಯಲಿಲ್ಲ. ಆಗಸ್ಟ್ 1ಕ್ಕೆ ಅವರನ್ನು ತೆಗೆದದ್ದು ರಾಣಿಯಲ್ಲ, ಅಲ್ಲಿ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಇಟಲೇಲಿ. ರಾಣಿಯ ಹತ್ತಿರ ಹೋದದ್ದು ಟೆಲಾವಿಯೇ, ಈ ಗವರ್ನರ್ ಜನರಲನ್ನು ತೆಗೀರಿ ಅಂತ! ಆಮೇಲೆ ಎನೆಲೆ ಸೊಪೊಆಗ ಪ್ರಧಾನಿಯಾದರು."

ಇಷ್ಟನ್ನೂ ಓದಿದ್ದು ನಾನೊಬ್ಬಳೇ ಇರಬೇಕು. ಯಾಕೆಂದರೆ ಮುಂದಿನ ಮೆಸೇಜ್ ಅಕ್ಕನದು: "ದ್ವೀಪ ಅಂದ್ರೆ ನಂಗೆ ಶರಾವತಿ ಹಿನ್ನೀರಿನಾಚೆ ತುಮರಿಯ ಅಜ್ಜನ ಮನೇನೇ ನೆನಪಾಗೋದು. ಕೊನೇ ಲಾಂಚ್ ತಪ್ಪಿ ಹೊಳೆಬಾಗಿಲಲ್ಲಿ ರಾತ್ರಿಯಿಡೀ ಕೂತಿದ್ವಲ್ಲ! ಈಗ ಸೇತುವೆ ಆಗಿ ಆ ಮಜಾ ಎಲ್ಲಿ?"

"ಮಜಾನಾ? ನಿಮ್ಮಪ್ಪ ಸಾಗರದಲ್ಲಿ ದೋಸೆ ತಿನ್ನುತ್ತ ಕೂತಿದ್ದಕ್ಕೇ ಲಾಂಚ್ ತಪ್ಪಿದ್ದು," ಅಂದರು ಅತ್ತೆ. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಇದೇ 20 ನಿಮಿಷ ನಡೆಯಿತು. ಟುವಾಲು ಮುಳುಗಿಹೋಯಿತು.

ಆಗ ಚಿಕ್ಕಪ್ಪ. ಅವರು ಟೈಪ್ ಮಾಡುವುದು ವರ್ಷಕ್ಕೆರಡು ಸಲ.

"ಮೀಟಿಂಗ್ ಕರೆಯದ ಪ್ರಧಾನಿ ಅಂದ್ಯಲ್ಲ ಮಾಣಿ. ಚೌಡಿ ಪೂಜೆ ಲೆಕ್ಕದ ಮೀಟಿಂಗ್ ಯಾವಾಗ ಅಣ್ಣಯ್ಯ? ಎರಡು ವರ್ಷ ಆಯ್ತು."

"ರಾಜಕೀಯದ ಮಧ್ಯೆ ದೇವರನ್ನು ತರಬೇಡ."

"ಬೆಳಗ್ಗೆ ಎದ್ದು ರಾಜಕೀಯ ತಂದವರು ಯಾರು?"

"ಲೆಕ್ಕ ಪಕ್ಕಾ ಇದೆ. ಶಾಮಿಯಾನದ ದುಡ್ಡು ನಿನ್ನಿಂದ ಇನ್ನೂ ಬಂದಿಲ್ಲ, ಅದನ್ನೂ ಇಲ್ಲೇ ಹೇಳಲಾ?"

ಭಾವ ಇದಕ್ಕೂ "ಸೂಪರ್" ಅಂತ ಹಾಕಿ, ತಕ್ಷಣ ಅಳಿಸಿದ. ಎಲ್ಲರೂ ನೋಡಿಯಾಗಿತ್ತು. ಚಿಕ್ಕಪ್ಪ ಏನೋ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸುತ್ತಿತ್ತು. ಅವರದು ಬರುವ ಮೊದಲೇ ಇದು ಬಂತು: "ಈಗ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು."

ಅಡ್ಮಿನ್ ದೊಡ್ಡಪ್ಪ ಒಬ್ಬರೇ.

ಅಣ್ಣ ನನಗೆ ಬೇರೆಯಾಗಿ ಮೆಸೇಜ್ ಮಾಡಿದ. "ನಮ್ಮಲ್ಲಿ ಗವರ್ನರ್ ಜನರಲ್ ಯಾರು?"

"ದೊಡ್ಡಮ್ಮ," ಅಂದೆ. "ಲ್ಯಾಂಡ್‌ಲೈನಿಗೆ ಮಾಡು."