32/36 ಡಬಲ್ ಬ್ಯಾರಲ್ ಕಾರ್ಬುರೇಟರ್: ಎರಡನೇ ಬ್ಯಾರಲ್ ತೆರೆಯೋ ಹೊತ್ತಿಗೆ ಗಾಡಿ ಮುಗ್ಗರಿಸ್ತತಿ

ಬೆಣ್ಣೆನಗರಿ_ಜೀಪು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಗಾಡಿ 1300 ಸಿಸಿ, ನಾಲ್ಕು ಸಿಲಿಂಡರ್, ಪೆಟ್ರೋಲ್. ಮೂಲ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಜಾಗದಾಗೆ ವೆಬರ್ 32/36, ಎಲೆಕ್ಟ್ರಿಕ್ ಚೋಕ್ ಇರೋದು, ಅಡಾಪ್ಟರ್ ಪ್ಲೇಟ್ ಮೇಲೆ ಕೂತೈತಿ. ಊರೊಳಗೆ ಏನೂ ತಕರಾರಿಲ್ಲ. ಹೈವೇನಾಗೆ ದುರ್ಗದ ಕಡೆ ಹೋಗುವಾಗ ಲಾರಿ ಹಿಂದಿಕ್ಕೋಣ ಅಂತ ಪೆಡಲ್ ಅರ್ಧಕ್ಕಿಂತ ಕೆಳಗೆ ಒತ್ತಿದ್ರೆ ಒಂದು ಕ್ಷಣ ಉಸಿರು ಕಟ್ಟಿದಂಗಾಗಿ ಆಮೇಲೆ ಎಳೀತತಿ. ಯಾವ ಗೇರಾದ್ರೂ ಅಷ್ಟೇ. ಹೊಗೆ ಇಲ್ಲ.

ಪ್ಲಗ್ ಹೊಸವು, ಟೈಮಿಂಗ್ ಲೈಟ್ ಹಿಡಿದು ನೋಡೇತಿ, ಟ್ಯಾಪೆಟ್ ಗ್ಯಾಪ್ ಸರಿ ಐತಿ, ಏರ್ ಫಿಲ್ಟರ್ ಸ್ವಚ್ಛ ಐತಿ. ಈಗ ಒಬ್ರು ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ದೊಡ್ಡದು ಹಾಕ್ರಿ ಅಂತಾರೆ, ಇನ್ನೊಬ್ರು ನಮ್ಮ ಕಡೆ ಎತ್ತರ ಜಾಸ್ತಿ, ಸಣ್ಣದು ಹಾಕ್ರಿ ಅಂತಾರೆ. ಯಾರ ಮಾತು ಕೇಳ್ಬೇಕು? ಒಳಗೆ ಯಾವ ದಾರಿ ಯಾವಾಗ ಕೆಲಸ ಮಾಡ್ತತಿ ಅಂತ ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಜೋಗಿಮಟ್ಟಿ_ಏರು (ಚಿತ್ರದುರ್ಗ)

ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೇನ್ ಜೆಟ್ ಮುಟ್ಟಬೇಡಿ. ನೀವು ಹೇಳಿದ ಲಕ್ಷಣದಲ್ಲಿ ಮುಖ್ಯವಾದ ಮಾತು ಒಂದೇ: ಗೇರು ಯಾವುದಾದರೂ, ಸ್ಪೀಡು ಎಷ್ಟಾದರೂ, ಪೆಡಲ್ ಒಂದೇ ಜಾಗಕ್ಕೆ ಬಂದಾಗ ಮುಗ್ಗರಿಸುತ್ತೆ. ಕಾರ್ಬುರೇಟರ್ ದೋಷ ಹುಡುಕೋವಾಗ ಸ್ಪೀಡೋಮೀಟರ್ ನೋಡಬಾರದು, ಬಟರ್‌ಫ್ಲೈ (ಪೆಡಲ್ ಒತ್ತಿದಂತೆ ತೆರೆದು ಗಾಳಿ ಬಿಡೋ ತಟ್ಟೆ) ಎಷ್ಟು ತೆರೆದಿದೆ ಅಂತ ನೋಡಬೇಕು. ಒಂದೊಂದು ಕೋನಕ್ಕೆ ಒಂದೊಂದು ದಾರಿ ಪೆಟ್ರೋಲ್ ಕೊಡುತ್ತೆ.

32/36 ಅಂದರೆ ಮೊದಲ ಬ್ಯಾರಲ್‌ನ (ಗಾಳಿ ಹೋಗೋ ಕೊಳವೆಯ) ಬಾಯಿ 32 ಮಿ.ಮೀ., ಎರಡನೆಯದು 36. ಒಳಗಿನ ವೆಂಚುರಿ (ಕೊಳವೆ ಕಿರಿದಾಗೋ ಜಾಗ) ಮಾತ್ರ 26 ಮತ್ತು 27. ಎರಡೂ ಒಟ್ಟಿಗೆ ತೆರೆಯೋದಿಲ್ಲ. ಮೊದಲನೆಯದು ಸುಮಾರು ಮೂರರಲ್ಲಿ ಎರಡು ಪಾಲು ತೆರೆದ ಮೇಲೆ ಲಿಂಕ್ ಎರಡನೆಯದನ್ನು ಹಿಡಿದೆಳೆಯುತ್ತೆ. ಪೂರ್ತಿ ಒತ್ತಿದಾಗ ಎರಡೂ ಒಟ್ಟಿಗೆ ನೆಟ್ಟಗಾಗುತ್ತವೆ. (38 ಡಿಜಿಎಎಸ್ ಅಂತ ಇನ್ನೊಂದಿದೆ, ಅದರಲ್ಲಿ ಎರಡೂ ಜೊತೆಗೇ ತೆರೆಯುತ್ತವೆ. ಅದರ ಟ್ಯೂನಿಂಗ್ ಪಾಠ ಇದಕ್ಕೆ ಹೊಂದಲ್ಲ.)

ಸ್ಲೋ ಸ್ಪೀಡ್‌ನಲ್ಲಿ (ಪೆಡಲ್ ಬಿಟ್ಟು ಎಂಜಿನ್ ಸುಮ್ಮನೆ ಓಡುವಾಗ) ಪೆಟ್ರೋಲ್ ಬರೋದು ಮೊದಲ ಬ್ಯಾರಲ್‌ನ ಸ್ಲೋ ಜೆಟ್‌ನಿಂದ, ಬುಡದ ಮಿಕ್ಸ್ಚರ್ ಸ್ಕ್ರೂ ದಾಟಿ. ಪೆಡಲ್ ಸ್ವಲ್ಪ ಒತ್ತಿದರೆ ಬಟರ್‌ಫ್ಲೈ ಅಂಚು ಗೋಡೆಯಲ್ಲಿರೋ ಪ್ರೋಗ್ರೆಷನ್ ತೂತುಗಳನ್ನು ಒಂದೊಂದಾಗಿ ದಾಟುತ್ತೆ, ಆಗ ಅದೇ ಸ್ಲೋ ಜೆಟ್ ಅವುಗಳಿಂದಲೂ ಕೊಡುತ್ತೆ. ಇನ್ನೂ ಗಾಳಿ ಹೆಚ್ಚಾದಾಗ ವೆಂಚುರಿಯಲ್ಲಿ ಎಳೆತ ಹುಟ್ಟಿ ಮೇನ್ ಜೆಟ್, ಎಮಲ್ಷನ್ ಟ್ಯೂಬ್, ಏರ್ ಜೆಟ್ ಕೆಲಸಕ್ಕಿಳಿಯುತ್ತವೆ.

ಈಗ ನಿಮ್ಮ ತೊಂದರೆಗೆ ಬನ್ನಿ. ಎರಡನೇ ಬಟರ್‌ಫ್ಲೈ ಚೂರೇ ಚೂರು ತೆರೆದ ಕ್ಷಣ ಅಲ್ಲಿ ಗಾಳಿ ಒಮ್ಮೆಗೇ ನುಗ್ಗುತ್ತೆ, ಆದರೆ ಆ ಬ್ಯಾರಲ್‌ನ ವೆಂಚುರಿಯಲ್ಲಿ ಮೇನ್ ಜೆಟ್ ಎಬ್ಬಿಸುವಷ್ಟು ವೇಗ ಇರಲ್ಲ. ಆ ಸಂದು ತುಂಬೋದಕ್ಕೇ ಎರಡನೇ ಬ್ಯಾರಲ್‌ಗೂ ತನ್ನದೇ ಪ್ರೋಗ್ರೆಷನ್ ತೂತು, ತನ್ನದೇ ಸ್ಲೋ ಜೆಟ್ ಇದೆ. ಅದಕ್ಕೆ ಮಿಕ್ಸ್ಚರ್ ಸ್ಕ್ರೂ ಇಲ್ಲ. ಎಂಜಿನ್ ಸ್ಲೋದಲ್ಲಿ ನಿಂತಾಗ ಅದಕ್ಕೆ ಕೆಲಸವೂ ಇಲ್ಲ. ಹಾಗಾಗಿ ಅದು ಕಟ್ಟಿಕೊಂಡಿದ್ದರೂ ಮೆಕ್ಯಾನಿಕ್ ಕೈಗೆ ಸಿಗೋದಿಲ್ಲ, ಯಾಕಂದರೆ ಅವರು ಟ್ಯೂನ್ ಮಾಡೋದು ಗಾಡಿ ನಿಲ್ಲಿಸಿಕೊಂಡು.

ಎರಡು ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ ಪೆಡಲನ್ನು ತುಂಬಾ ನಿಧಾನಕ್ಕೆ ಒತ್ತುತ್ತಾ ಆ ಜಾಗ ದಾಟಿಸಿ. ನಿಧಾನಕ್ಕೆ ಒತ್ತಿದರೂ ಮುಗ್ಗರಿಸಿದರೆ ಎರಡನೇ ಸ್ಲೋ ಜೆಟ್ ಕಡೆ ಅನುಮಾನ. ಜೋರಾಗಿ ಒತ್ತಿದಾಗ ಮಾತ್ರ ಆದರೆ ಎಕ್ಸಲರೇಟರ್ ಪಂಪ್ (ಪೆಡಲ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸೋದು) ಕಡೆ. ಆಮೇಲೆ ಎರಡನೇ ಬ್ಯಾರಲ್‌ನ ಲಿಂಕ್ ಬಿಚ್ಚಿ, ಬಟರ್‌ಫ್ಲೈ ಪೂರ್ತಿ ಮುಚ್ಚಿರೋದನ್ನು, ಬಿಚ್ಚಿದ ಲಿಂಕ್ ಎಲ್ಲೂ ಸಿಕ್ಕಿಕೊಳ್ಳದ್ದನ್ನು ಕಣ್ಣಾರೆ ನೋಡಿ ಓಡಿಸಿ. ಶಕ್ತಿ ಕಡಿಮೆ ಇರುತ್ತೆ, ಆದರೆ ಮುಗ್ಗರಿಸೋದು ನಿಂತರೆ ಕಳ್ಳ ಎರಡನೇ ಬ್ಯಾರಲ್‌ನಲ್ಲೇ ಇದ್ದಾನೆ.

ಲೇತ್_ಮನೆ (ಹರಿಹರ)

ಮೇಲಿನವರು ಹೇಳಿದ್ದು ಸರಿ ಐತಿ. ಆದ್ರೆ ಜೆಟ್ ಬಿಚ್ಚೋ ಮೊದ್ಲು ಬುಡ ನೋಡ್ರಿ. ಅಡಾಪ್ಟರ್ ಪ್ಲೇಟ್ ಇದ್ದ ಕಡೆ ಏರ್ ಲೀಕ್ ಮಾಮೂಲು. ಕೆಳಗಿನ ಪ್ಲೇಟ್‌ನ ಬೋಲ್ಟ್ ಸಡಿಲ ಆಗಿದ್ರೆ ಮೇಲಿನ ಕಾರ್ಬುರೇಟರ್ ನಟ್ ಎಷ್ಟು ಬಿಗಿ ಮಾಡಿದ್ರೂ ಲೀಕ್ ಹೋಗಲ್ಲ. ಎಂಜಿನ್ ಸ್ಲೋದಾಗೆ ಇಟ್ಟು ಪ್ಯಾಕಿಂಗ್ ಸುತ್ತ ಕಾರ್ಬ್ ಕ್ಲೀನರ್ ಚೂರು ಚೂರು ಸಿಂಪಡಿಸಿ. ಆರ್‌ಪಿಎಂ ಬದಲಾದ್ರೆ ಅಲ್ಲೇ ಲೀಕ್. ಬಿಸಿ ಸೈಲೆನ್ಸರ್ ಮೇಲೆ ಬೀಳಬಾರ್ದು, ಪಕ್ಕದಾಗೆ ಬೆಂಕಿ ಆರಿಸೋ ಸಿಲಿಂಡರ್ ಇಟ್ಕಳ್ರಿ.

ಥ್ರಾಟಲ್ ಶಾಫ್ಟ್ (ಬಟರ್‌ಫ್ಲೈ ಕೂತಿರೋ ಸಲಾಕೆ) ಹಿಡಿದು ಅಲ್ಲಾಡಿಸ್ರಿ. ಮೇಲೆ ಕೆಳಗೆ ಆಟ ಕಂಡ್ರೆ ಅಲ್ಲೂ ಗಾಳಿ ಹೊಗ್ತತಿ. ಭೀಮಸಮುದ್ರದ ಕಡೆ ಅದಿರಿನ ಕೆಂಪು ಧೂಳಿನಾಗೆ ಓಡಿದ ಗಾಡಿಗೆ ಇದು ಬೇಗ ಬರ್ತತಿ, ಧೂಳು ಶಾಫ್ಟ್ ಎಣ್ಣೆ ಜೊತಿ ಸೇರಿ ಮಸೆಯೋ ಪೇಸ್ಟ್ ಆಗ್ತತಿ. ಶಾಫ್ಟ್ ಜಾಗ ಬೋರ್ ಮಾಡಿ ಹಿತ್ತಾಳೆ ಬುಷ್ ಹೊಡಿಬೋದು, ಆದ್ರೆ ಎರಡು ಕಡೆ ಬುಷ್ ಒಂದೇ ನೇರಕ್ಕೆ ರೀಮ್ ಆಗ್ಬೇಕು. ಇಲ್ಲಾಂದ್ರೆ ಬಟರ್‌ಫ್ಲೈ ಸಿಕ್ಕಿಕೊಂಡು ಪೆಡಲ್ ವಾಪಸ್ ಬರಲ್ಲ. ಅದು ಜೀವಕ್ಕೇ ಬರೋ ವಿಷಯ.

ಬುಡದ ಫೇಸ್ ಕನ್ನಡಿ ಗಾಜಿನ ಮೇಲಿಟ್ಟು ಫೀಲರ್ ಗೇಜ್ ತೂರಿಸಿ ನೋಡ್ರಿ. ನಟ್ ಅತಿ ಬಿಗಿ ಮಾಡಿದವರ ಕಾರ್ಬುರೇಟರ್ ಮೂಲೆ ಬಗ್ಗಿರ್ತತಿ.

ಆಮೇಲೆ ಫ್ಲೋಟ್, ಅಂದ್ರೆ ಬೌಲಿನಾಗೆ (ಕಾರ್ಬುರೇಟರ್ ಒಳಗಿನ ಪೆಟ್ರೋಲ್ ತೊಟ್ಟಿ) ತೇಲಿ, ಸೂಜಿ ಒತ್ತಿ ಪೆಟ್ರೋಲ್ ಒಳಗೆ ಬರೋದನ್ನ ತಡೆಯೋದು. ಮುಚ್ಚಳ ಬಿಚ್ಚಿ ಪ್ಯಾಕಿಂಗ್ ಸಮೇತ ನೆಟ್ಟಗೆ ನಿಲ್ಲಿಸಿ ಹಿಡ್ಕಳ್ರಿ. ಫ್ಲೋಟಿನ ನಾಲಿಗೆ ಸೂಜಿಯ ಸ್ಪ್ರಿಂಗ್ ಗುಂಡನ್ನ ಮುಟ್ಟಿರ್ಬೇಕು, ಒತ್ತಿರಬಾರ್ದು. ಪ್ಯಾಕಿಂಗ್‌ನಿಂದ ಫ್ಲೋಟಿನ ಬುಡಕ್ಕೆ ಹಿತ್ತಾಳೆ ಫ್ಲೋಟ್ ಆದ್ರೆ 41 ಮಿ.ಮೀ., ಪ್ಲಾಸ್ಟಿಕ್ ಆದ್ರೆ 35. ಹಿತ್ತಾಳೇದು ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಬಂದ್ರೆ ತೂತಾಗೇತಿ ಅಂತ. ಪೆಟ್ರೋಲ್ ಪಂಪ್ ಪ್ರೆಷರ್ 2.5ರಿಂದ 3.5 ಪಿಎಸ್‌ಐ ಸಾಕು. ಅದಕ್ಕಿಂತ ಹೆಚ್ಚಾದ್ರೆ ಸೂಜಿ ತಡೆಯಲ್ಲ, ಓವರ್‌ಫ್ಲೋ ಆಗ್ತತಿ, ರೆಗ್ಯುಲೇಟರ್ ಹಾಕ್ಬೇಕು.

ಎಲೆಕ್ಟ್ರಿಕ್ ಚೋಕಿನ ವೈರ್ ಇಗ್ನಿಷನ್ ಕಾಯಿಲ್‌ಗೆ ಜೋಡಿಸಿದ್ರೆ ಇವತ್ತೇ ತೆಗೀರಿ. ಕೀ ಹಾಕಿದಾಗ ಪೂರ್ತಿ 12 ವೋಲ್ಟ್ ಬರೋ ಬೇರೆ ಲೈನಿಗೆ, ಫ್ಯೂಸ್ ಹಾಕಿ ಕೊಡ್ರಿ.

ಲ್ಯಾಂಬ್ಡಾ_ಲೆಕ್ಕ (ದಾವಣಗೆರೆ)

ದೊಡ್ಡ ಜೆಟ್ಟೋ ಸಣ್ಣ ಜೆಟ್ಟೋ ಅನ್ನೋ ಜಗಳಕ್ಕೆ ಲೆಕ್ಕ ಹಾಕಿಬಿಡೋಣ.

ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ದುರ್ಗ ಸುಮಾರು 730. 600 ಮೀಟರಿಗೆ ಗಾಳಿಯ ಸಾಂದ್ರತೆ ಶೇ 6ರ ಹತ್ತಿರ ಇಳಿಯುತ್ತೆ. ಆದರೆ ಕಾರ್ಬುರೇಟರ್‌ನಲ್ಲಿ ಮಿಶ್ರಣ ಬದಲಾಗೋದು ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ, ಹಾಗಾಗಿ ರಿಚ್ (ಪೆಟ್ರೋಲ್ ಹೆಚ್ಚು) ಆಗೋದು ಶೇ 3 ಮಾತ್ರ. ಇನ್ನೊಂದು ಕಡೆ ಇ20: ಶುದ್ಧ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಜೆಟ್ ಅದೇ ಇದ್ದರೆ ಶೇ 8ರಷ್ಟು ಲೀನ್ (ಪೆಟ್ರೋಲ್ ಕಡಿಮೆ). ಕಳೆದರೆ ಉಳಿಯೋದು ಶೇ 5 ಲೀನ್. ಅದನ್ನು ಸರಿದೂಗಿಸಲು ಜೆಟ್‌ನ ತೂತಿನ ವಿಸ್ತೀರ್ಣ ಶೇ 5 ಹೆಚ್ಚಬೇಕು, ವ್ಯಾಸ ಶೇ 2.5. ವೆಬರ್ ಜೆಟ್ ಮೇಲಿನ ನಂಬರ್ ಮಿಲಿಮೀಟರಿನ ನೂರರಲ್ಲಿ ಇರುತ್ತೆ, 140 ಅಂದರೆ 1.40 ಮಿ.ಮೀ. ಆ ಲೆಕ್ಕಕ್ಕೆ 140 ಇದ್ದದ್ದು 143.5 ಆಗಬೇಕು.

ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಏಪ್ರಿಲ್‌ನ 38 ಡಿಗ್ರಿ ಬಿಸಿಲಿನಲ್ಲಿ ಗಾಳಿ ಇನ್ನೂ ತೆಳ್ಳಗಾಗಿ ಮತ್ತೆ ಶೇ 3-4 ರಿಚ್ ಕಡೆ ವಾಲುತ್ತೆ. ಬಾನೆಟ್ ಕೆಳಗಿನ ಬಿಸಿ ಗಾಳಿ ಎಳೆದರೆ ಇನ್ನೂ ಹೆಚ್ಚು. ಅಂದರೆ ಬೇಸಿಗೆಯಲ್ಲಿ ಎರಡೂ ಸರಿಸುಮಾರು ಹೊಡೆದುಹೋಗುತ್ತವೆ, ಡಿಸೆಂಬರ್ ಬೆಳಗ್ಗೆ ಒಂದು ಮೆಟ್ಟಿಲು ಲೀನ್. ಇಷ್ಟಕ್ಕೆ ಮೇನ್ ಜೆಟ್ ಬದಲಿಸಿದರೂ ಬದಲಿಸದಿದ್ದರೂ ಈ ಮುಗ್ಗರಿಸೋ ತೊಂದರೆ ಹೋಗಲ್ಲ.

ಬದಲಿಸೋದೇ ಆದರೆ ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆ ಕೊಳವೆಯಲ್ಲಿ ಮಿಶ್ರಣ ಅಳೆಯೋದು) ಹಾಕಿ ಅಳೆದು ಬದಲಿಸಿ. ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (1 ಅಂದರೆ ಸರಿಯಾದ ಮಿಶ್ರಣ, ಅದಕ್ಕಿಂತ ಕಡಿಮೆ ಅಂದರೆ ರಿಚ್) 0.86-0.88 ಇರಲಿ. ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ, ಅನುಪಾತದ ಅಂಕಿ ಶುದ್ಧ ಪೆಟ್ರೋಲಿನದು, ಇ20ಗೆ ಗೊಂದಲ ಮಾಡುತ್ತೆ. ಪ್ಲಗ್ ಬಣ್ಣ ನೋಡಿ ಜೆಟ್ ಆರಿಸೋ ಹಳೇ ಪದ್ಧತಿ ಈಗಿನ ಪೆಟ್ರೋಲಿಗೆ ಅಷ್ಟು ನಂಬಿಕೆ ಅಲ್ಲ.

ಹಾಗೇ ಒಂದು ಮಾತು: ಮೈಲೇಜ್‌ಗೆ ಅಂತ ಬೌಲ್ ತಳದ ಪವರ್ ವಾಲ್ವ್ ಮುಚ್ಚಿಸುವವರಿದ್ದಾರೆ. ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಇರೋವರೆಗೆ ಅದು ಮುಚ್ಚಿಯೇ ಇರುತ್ತೆ, ಲೋಡ್ ಬಿದ್ದು ವ್ಯಾಕ್ಯೂಮ್ ಇಳಿದಾಗ ಸ್ಪ್ರಿಂಗ್ ಅದನ್ನು ತೆರೆಸುತ್ತೆ. ಅದನ್ನು ಮುಚ್ಚಿದರೆ ಏರಿನಲ್ಲಿ ಎಂಜಿನ್ ಲೀನ್ ಆಗಿ ವಾಲ್ವ್, ಪಿಸ್ಟನ್ ಸುಡುತ್ತೆ. ಬೇಡ.

ಬೆಣ್ಣೆನಗರಿ_ಜೀಪು

ಎಲ್ಲಾ ಮಾಡಿ ನೋಡೇತಿ. ನಿಧಾನಕ್ಕೆ ಒತ್ತಿದ್ರೂ ಮುಗ್ಗರಿಸ್ತತಿ. ಲಿಂಕ್ ಬಿಚ್ಚಿದ್ರೆ ಇಲ್ಲ. ಪಂಪ್ ಚೆನ್ನಾಗಿ ಚಿಮ್ಮುತತಿ. ಬುಡದಾಗೆ ಲೀಕ್ ಇಲ್ಲ, ಫ್ಲೋಟ್ ಪ್ಲಾಸ್ಟಿಕ್, 35 ಸರಿ ಬಂತು. ಚೋಕ್ ವೈರ್ ಬೇರೆ ಲೈನಿನಾಗೇ ಐತಿ. ಸ್ಲೋ ಜೆಟ್ ಬಿಚ್ಚಿದ್ರೆ ಮೊದಲ ಬ್ಯಾರಲ್‌ದಾಗೆ 50, ಎರಡನೇದರಾಗೆ 60. ಆ 60ರ ತೂತಿನಾಗೆ ಬಿಳಿ ಪುಡಿ ಗಟ್ಟಿಯಾಗೇತಿ. ಮಿಕ್ಸ್ಚರ್ ಸ್ಕ್ರೂ ಮೂರು ಸುತ್ತು ಹೊರಗೆ, ಸ್ಪೀಡ್ ಸ್ಕ್ರೂ (ಸ್ಲೋ ಸ್ಪೀಡ್ ಹೊಂದಿಸೋದು) ಎರಡು ಸುತ್ತಿಗಿಂತ ಜಾಸ್ತಿ ಒಳಗೆ ಐತಿ. ಗಾಡಿ ಮಳೆಗಾಲ ಪೂರ್ತಿ ನಿಂತಿತ್ತು.

ಜೋಗಿಮಟ್ಟಿ_ಏರು

ಸಿಕ್ತು. ಅದರ ಜೊತೆ ಇನ್ನೊಂದೂ ಸಿಕ್ತು: ಕ್ಲೀನ್ ಮಾಡಿದವರು ಜೆಟ್ ಅದಲು ಬದಲು ಹಾಕಿರೋ ಹಾಗಿದೆ. ಈ ಕಾರ್ಬುರೇಟರ್‌ಗೆ ಸಾಮಾನ್ಯವಾಗಿ ಸ್ಲೋ ಜೆಟ್ ದೊಡ್ಡದು ಮೊದಲ ಬ್ಯಾರಲ್‌ಗೆ ಬರುತ್ತೆ. ನಿಮ್ಮ ಸ್ಕ್ರೂಗಳೂ ಅದನ್ನೇ ಹೇಳ್ತಿವೆ. ಮಿಕ್ಸ್ಚರ್ ಸ್ಕ್ರೂ ಎರಡೂವರೆ ಸುತ್ತು ದಾಟಿದರೆ ಸ್ಲೋ ಜೆಟ್ ಸಣ್ಣದು ಅಂತ ಲೆಕ್ಕ. ಪೆಟ್ರೋಲ್ ಸಾಲದೆ ಎಂಜಿನ್ ನಿಲ್ಲಲಿಲ್ಲ ಅಂತ ಯಾರೋ ಸ್ಪೀಡ್ ಸ್ಕ್ರೂ ಒಳಗೆ ಹಾಕಿ ಬಟರ್‌ಫ್ಲೈ ತೆರೆದಿಟ್ಟಿದ್ದಾರೆ. ಹಾಗೆ ಮಾಡಿದರೆ ಪ್ರೋಗ್ರೆಷನ್ ತೂತುಗಳು ಮೊದಲೇ ತೆರೆದುಕೊಂಡು, ಪೆಡಲ್ ಮುಟ್ಟಿದಾಗ ಕೊಡೋದಕ್ಕೆ ಏನೂ ಉಳಿದಿರಲ್ಲ.

ಬಿಳಿ ಪುಡಿ ಎಥನಾಲ್ ಪೆಟ್ರೋಲ್ ನೀರು ಹೀರಿ ಬೌಲಿನ ಲೋಹ ತಿಂದದ್ದು. ಜೆಟ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಸಿ. ಸ್ಟೀಲ್ ತಂತಿ ತೂರಿಸಬೇಡಿ, ತೂತು ಒಂದು ಕೂದಲಷ್ಟು ದೊಡ್ಡದಾದರೂ ನಂಬರ್ ಸುಳ್ಳಾಗುತ್ತೆ. ತೀರಾ ಬಿಡದಿದ್ದರೆ ಹೊಸ ಜೆಟ್ ಹಾಕಿ, ದುಬಾರಿ ವಸ್ತುವೇನಲ್ಲ. ಬಾಡಿಯೊಳಗಿನ ದಾರಿಗೂ ಗಾಳಿ ಹೊಡೀರಿ, ಎರಡನೇ ಬ್ಯಾರಲ್‌ನ ಪ್ರೋಗ್ರೆಷನ್ ತೂತಿನಿಂದ ಕ್ಲೀನರ್ ಹೊರಗೆ ಬರೋದು ಕಣ್ಣಿಗೆ ಕಾಣಬೇಕು. ಹೋಲ್ಡರ್‌ನ (ಸ್ಲೋ ಜೆಟ್ ಹಿಡಿದಿರೋ ತುಂಡಿನ) ಓ-ರಿಂಗ್ ಉಬ್ಬಿದ್ದರೆ ಬದಲಿಸಿ. ಜೆಟ್ ಹೋಲ್ಡರ್‌ಗೆ ಪೂರ್ತಿ ಒತ್ತಿ ಕೂರಿಸಿದ ಮೇಲೇ ತಿರುಗಿಸಿ ಹಾಕಿ.

ಆಮೇಲೆ ಟ್ಯೂನಿಂಗ್. ಎಂಜಿನ್ ಚೆನ್ನಾಗಿ ಬಿಸಿ ಆಗಿ ಚೋಕ್ ಪೂರ್ತಿ ತೆರೆದಿರಲಿ. ಸ್ಪೀಡ್ ಸ್ಕ್ರೂ ಲಿವರ್ ಮುಟ್ಟಿದ ಮೇಲೆ ಒಂದು ಸುತ್ತು ಒಳಗೆ, ಹೆಚ್ಚೆಂದರೆ ಒಂದೂವರೆ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಳ ಮುಟ್ಟಿಸಿ (ಬಿಗಿ ಮಾಡಿದರೆ ತುದಿ ಗಾಯ ಆಗುತ್ತೆ) ಎರಡು ಸುತ್ತು ಹೊರಗೆ. ಸ್ಟಾರ್ಟ್ ಮಾಡಿ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತಿನಂತೆ ಒಳಗೆ ತನ್ನಿ, ಎಂಜಿನ್ ಒರಟಾದಾಗ ನಿಲ್ಲಿಸಿ, ವಾಪಸ್ ನಯವಾಗೋವರೆಗೆ ಬಿಚ್ಚಿ. ಆಮೇಲೆ ಸ್ಪೀಡ್ ಸ್ಕ್ರೂನಿಂದ 850-900ಕ್ಕೆ ನಿಲ್ಲಿಸಿ. ಒಂದೂವರೆಯಿಂದ ಎರಡು ಸುತ್ತಿನ ಒಳಗೆ ನಯವಾದರೆ 60 ನಿಮಗೆ ಸರಿ ಜೆಟ್.

ಎರಡನೇ ಬಟರ್‌ಫ್ಲೈಗೂ ಒಂದು ಪುಟ್ಟ ಸ್ಟಾಪ್ ಸ್ಕ್ರೂ ಇದೆ. ಪ್ಲೇಟ್ ಪೂರ್ತಿ ಮುಚ್ಚಬೇಕು, ಆದರೆ ಗೋಡೆಗೆ ಕಚ್ಚಿಕೊಳ್ಳದಷ್ಟು ಮಾತ್ರ. ಅದರಿಂದ ಸ್ಲೋ ಸ್ಪೀಡ್ ಏರಿಸೋ ಪ್ರಯತ್ನ ಮಾಡಬೇಡಿ.

ಹಳೇ_800 (ಹಿರಿಯೂರು)

ನಡುವೆ ಬಂದೆ, ಕ್ಷಮಿಸಿ. ಮಾರುತಿ 800ರ ಕಾರ್ಬುರೇಟರ್‌ನಲ್ಲೂ ಎರಡು ಬ್ಯಾರಲ್ ಐತೆ. ಈ ಲಿಂಕ್ ಬಿಚ್ಚೋ ಪರೀಕ್ಷೆ ಅದಕ್ಕೂ ನಡೆಯುತ್ತಾ?

ಜೋಗಿಮಟ್ಟಿ_ಏರು

ಅದರಲ್ಲಿ ಎರಡನೇ ಬಟರ್‌ಫ್ಲೈ ತೆರೆಯೋದು ಪೆಡಲ್ ಅಲ್ಲ, ವ್ಯಾಕ್ಯೂಮ್ ಡಯಾಫ್ರಾಮ್. ವೆಂಚುರಿಯಲ್ಲಿ ಗಾಳಿ ಸಾಕಷ್ಟು ಹರಿದ ಮೇಲೇ ಅದು ಎಳೆಯುತ್ತೆ, ಹಾಗಾಗಿ ಒಮ್ಮೆಗೇ ಒತ್ತಿದರೂ ಮುಗ್ಗರಿಸೋದು ಕಡಿಮೆ. ಅಲ್ಲಿ ಬರೋ ದೂರು ಬೇರೆ: ಡಯಾಫ್ರಾಮ್ ಹರಿದರೆ ಎರಡನೇ ಬ್ಯಾರಲ್ ತೆರೆಯೋದೇ ಇಲ್ಲ, ಗಾಡಿ ಒಂದು ಸ್ಪೀಡಿನ ಮೇಲೆ ಏರಲ್ಲ ಅಷ್ಟೇ. ಡಯಾಫ್ರಾಮ್‌ನ ರಾಡ್ ಕೈಯಲ್ಲಿ ಒಳಗೆ ಒತ್ತಿ, ವ್ಯಾಕ್ಯೂಮ್ ದಾರಿ ಬೆರಳಿಂದ ಮುಚ್ಚಿ, ರಾಡ್ ಬಿಡಿ. ಅಲ್ಲೇ ನಿಂತರೆ ಸರಿ ಇದೆ, ವಾಪಸ್ ಬಂದರೆ ಹರಿದಿದೆ.

ಲೇತ್_ಮನೆ

ಜೀಪಿನವರಿಗೆ ಇನ್ನೊಂದು. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಪೆಟ್ರೋಲ್ ಪೈಪ್ ಬಂದ್ ಮಾಡಿ, ಎಂಜಿನ್ ತಾನೇ ಆರೋವರೆಗೆ ಓಡಿಸಿ ಬೌಲ್ ಖಾಲಿ ಮಾಡ್ರಿ. ಪಂಪ್ ಡಯಾಫ್ರಾಮ್ ಇ20 ತಡೆಯೋ ರಬ್ಬರಿಂದೇ ತಗಳ್ರಿ, ಹಳೇ ಸ್ಟಾಕ್ ಕಿಟ್ ಕಡಿಮೆಗೆ ಸಿಗ್ತತಿ ಅಂತ ಹಾಕಿದ್ರೆ ಬೇಗ ಗಟ್ಟಿಯಾಗಿ ಕವರ್ ಅಂಚಿನಾಗೆ ಪೆಟ್ರೋಲ್ ಜಿನುಗ್ತತಿ.

ಬೆಣ್ಣೆನಗರಿ_ಜೀಪು

60 ಮೊದಲನೇದಕ್ಕೆ, ಹೊಸ 50 ಎರಡನೇದಕ್ಕೆ ಹಾಕಿ ಆತು. ಮಿಕ್ಸ್ಚರ್ ಒಂದೂ ಮುಕ್ಕಾಲು ಸುತ್ತಿಗೆ ನಿಂತೈತಿ, ಸ್ಪೀಡ್ ಸ್ಕ್ರೂ ಒಂದು ಸುತ್ತು. ಹೈವೇನಾಗೆ ಪೆಡಲ್ ಕೊನೇವರೆಗೆ ಒತ್ತಿದ್ರೂ ಎಲ್ಲೂ ತಡೆಯಲ್ಲ. ಆದ್ರೆ ಮಧ್ಯಾಹ್ನ ಬಿಸಿಲಿನಾಗೆ ಹತ್ತು ನಿಮಿಷ ನಿಲ್ಲಿಸಿದ್ರೆ ಸ್ಟಾರ್ಟ್ ಆಗಕ್ಕೆ ಒದ್ದಾಡ್ತತಿ.

ಜೋಗಿಮಟ್ಟಿ_ಏರು

ಅದು ಬೌಲಿನಲ್ಲಿ ಪೆಟ್ರೋಲ್ ಕುದ್ದು ಬ್ಯಾರಲ್‌ಗೆ ಸುರಿಯೋದು. ಪೆಡಲ್ ಪಂಪ್ ಮಾಡಬೇಡಿ, ಒಂದೇ ಸಲ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀರಿ, ಎಂಜಿನ್ ಹಿಡಿದ ತಕ್ಷಣ ಬಿಡಿ. ಖಾಯಂ ಪರಿಹಾರ ಬೇಕಂದರೆ ಅಡಾಪ್ಟರ್ ಪ್ಲೇಟ್ ಮೇಲೆ ಬೇಕಲೈಟ್ ಸ್ಪೇಸರ್ (ಬಿಸಿ ಮೇಲೆ ಬರದಂತೆ ತಡೆಯೋ ದಪ್ಪ ಪ್ಲೇಟ್) ಹಾಕಿ, ಪೆಟ್ರೋಲ್ ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ ತಿರುಗಿಸಿ. ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಪೈಪ್ ಇದ್ದರೆ ಮುಚ್ಚಿಲ್ಲದ್ದನ್ನು ನೋಡಿಕೊಳ್ಳಿ. ಸ್ಪೇಸರ್ ಹಾಕಿದ ಮೇಲೆ ಏರ್ ಕ್ಲೀನರ್ ಬಾನೆಟ್‌ಗೆ ತಾಗುತ್ತಾ ಅಂತ ಮೊದಲೇ ಅಳೆದುಕೊಳ್ಳಿ.