ಕ್ರುಶಿನ್ಯಾನಿ: ರಾಜ ಋಣ ತೀರಿಸಿದನೋ, ಸಂಬಳದ ಬಾಕಿಯೋ?

ನಕ್ಷೆಪ್ರಿಯ: ಪೋಲೆಂಡಿನ ಪೂರ್ವ ತುದಿಯಲ್ಲಿ, ಬೆಲಾರೂಸ್ ಗಡಿಗೆ ಅಂಟಿಕೊಂಡಂತೆ ಕ್ರುಶಿನ್ಯಾನಿ ಎಂಬ ಪುಟ್ಟ ಹಳ್ಳಿ ಇದೆ. ಹಸಿರು ಬಣ್ಣದ ಮರದ ಮಸೀದಿಯೇ ಅದರ ಗುರುತು. ತುರ್ಕರ ವಿರುದ್ಧದ ಪಾರ್ಕಾನಿ ಯುದ್ಧದಲ್ಲಿ ಪೋಲೆಂಡಿನ ರಾಜ ಮೂರನೇ ಯಾನ್ ಸೊಬಿಯೆಸ್ಕಿಯ ಜೀವ ಉಳಿಸಿದ್ದಕ್ಕೆ ಅವನ ಸೇನೆಯಲ್ಲಿದ್ದ, ಮುಸ್ಲಿಂ ತಾತಾರ್ ಜನಾಂಗದ ಸೇನಾಧಿಕಾರಿ ಸಾಮುಯೆಲ್ ಕ್ಶೆಚೋವ್‌ಸ್ಕಿಗೆ ಈ ಊರು ಉಂಬಳಿಯಾಗಿ ಸಿಕ್ಕಿತಂತೆ. ಎಂಥಾ ಕಥೆ ಅಲ್ವಾ!

ಹಳೇಪುಟ: ಕಥೆ ಚೆನ್ನಾಗಿದೆ, ಇಸವಿ ನೋಡಿ ಸ್ವಾಮಿ. ಉಂಬಳಿ ಕೊಟ್ಟಿದ್ದು 1679ರಲ್ಲಿ. ಪಾರ್ಕಾನಿ ಯುದ್ಧ ನಡೆದಿದ್ದು 1683ರಲ್ಲಿ. ಉಪಕಾರಕ್ಕೆ ನಾಲ್ಕು ವರ್ಷ ಮುಂಚೆಯೇ ಬಹುಮಾನವೇ? ಅಸಲು ವಿಷಯ ಸಂಬಳ. ಸೈನಿಕರಿಗೆ ಬಾಕಿ ಬೆಳೆದಿತ್ತು. 1672ರಲ್ಲಿ ಇದೇ ಸಿಟ್ಟಿಗೆ ಎಷ್ಟೋ ತಾತಾರ್ ತುಕಡಿಗಳು ತುರ್ಕರ ಕಡೆ ಸೇರಿದ್ದವು. ಮತ್ತೆ ಹಾಗಾಗಬಾರದೆಂದು ದುಡ್ಡಿನ ಬದಲು ನೆಲ ಕೊಟ್ಟ.

ಮಾಲಿನಿ ಎಸ್: ಸಂಬಳ ಒಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಅವರ ಹಳೆಯ ಹಕ್ಕುಗಳಿಗೂ ಧರ್ಮಕ್ಕೂ ಆಗ ಕತ್ತರಿ ಬಿದ್ದಿತ್ತು. ಬರೀ ದುಡ್ಡಿಗಾಗಿ ಬಂದವರಾಗಿದ್ದರೆ 1683ರಲ್ಲಿ ವಿಯೆನ್ನಾಕ್ಕೆ ಹೋಗಿ ತುರ್ಕರ ಎದುರು ಯಾಕೆ ನಿಲ್ಲುತ್ತಿದ್ದರು? ಆ ಕಡೆ ಕ್ರೈಮಿಯಾದ ತಾತಾರರೇ ಇದ್ದರು!

ಹಳೇಪುಟ: ನೆಲ ಸಿಕ್ಕಿತ್ತು, ಅದಕ್ಕೇ ನಿಂತರು. ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಿ.

ಗಿರಿ_ತುಮಕೂರು: ಸುಮ್ನೆ ಒಂದು ಪ್ರಶ್ನೆ. ಆ ಹಸಿರು ಕಟ್ಟಡದ ಫೋಟೋದಲ್ಲಿ ಮುಂದೆ ಎರಡು ಗೋಪುರ ಕಾಣುತ್ತವೆ. ಇದು ಚರ್ಚ್ ಅಲ್ಲವೇ?

ಮಾಲಿನಿ ಎಸ್: ಮಸೀದಿಯೇ. ಆ ಸೀಮೆಯ ಮರದ ಚರ್ಚುಗಳ ಹಾಗೇ ಕಟ್ಟಿದ್ದಾರೆ. ಒಳಗೆ ಮೆಕ್ಕಾ ದಿಕ್ಕು ತೋರಿಸುವ ಗೋಡೆಯ ಗೂಡು (ಮಿಹ್ರಾಬ್), ಹೆಂಗಸರಿಗೆ ಬೇರೆ ಕೋಣೆ ಇವೆ. ಹತ್ತಿರದಲ್ಲೇ ಹಳೆಯ ಸ್ಮಶಾನ. ಈ ತಾತಾರರು ತಮ್ಮ ಮಾತು ಮರೆತು ಎಷ್ಟೋ ಕಾಲವಾಯಿತು. ಆದರೆ ಬೆಲಾರೂಸಿ, ಪೋಲಿಷ್ ಭಾಷೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದ ಧರ್ಮಗ್ರಂಥಗಳನ್ನು ಜೋಪಾನ ಮಾಡಿದ್ದಾರೆ. ನನಗೆ ಯುದ್ಧದ ಕಥೆಗಿಂತ ಇದೇ ಜಾಸ್ತಿ ಇಷ್ಟ.

ನಕ್ಷೆಪ್ರಿಯ: ಈಗ ಅಲ್ಲಿ ಉಳಿದಿರುವುದು ಕೆಲವೇ ತಾತಾರ್ ಮನೆಗಳು. ಊರಲ್ಲಿ ಆರ್ಥಡಾಕ್ಸ್ ಕ್ರೈಸ್ತರೇ ಹೆಚ್ಚು. ಎರಡನೇ ಮಹಾಯುದ್ಧದ ನಂತರ ಪಕ್ಕದಲ್ಲೇ ಗಡಿ ಬಂತು, ಪೂರ್ವದ ದಾರಿ ಮುಚ್ಚಿತು. 2021ರ ವಲಸಿಗರ ಬಿಕ್ಕಟ್ಟಿನಲ್ಲಿ ಗಡಿಯಂಚಿಗೆ ಹೊರಗಿನವರನ್ನೇ ಬಿಡಲಿಲ್ಲ. ಮಸೀದಿ ನೋಡಿ ಪೆರೆಕಾಚೆವ್ನಿಕ್ ತಿನ್ನಲು ಬರುವವರನ್ನು ನೆಚ್ಚಿದ ಊರದು. ಪದರಪದರವಾಗಿ ಸುತ್ತಿ ಬೇಯಿಸುವ ತಿಂಡಿ ಅದು. ಹಾಗಿರುವಾಗ ರಾಜನ ಕಥೆ ಹೇಳಿಕೊಂಡರೆ ತಪ್ಪೇನು?

ಹಳೇಪುಟ: ಹೇಳಲಿ. ಜೊತೆಗೆ 1679, 1683 ಎರಡನ್ನೂ ಹೇಳಲಿ. ಕೂಡಿ ಕಳೆಯುವ ಕೆಲಸ ಬಂದವರಿಗೆ ಬಿಡಲಿ.