ಸಡಿಲ ಕಲ್ಲಿನ ಕಡಿದಾದ ಏರಿನಲ್ಲಿ ಹಿಂದಿನ ಚಕ್ರದ ಹಿಡಿತ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ – ಏರುದಾರಿ

ಟ್ರಯಲ್ಸ್ ಬೈಕಿನಲ್ಲಿ (ಕಾಲೂರದೆ ಬಂಡೆ, ಏರುಗಳನ್ನು ದಾಟುವ ಸ್ಪರ್ಧೆಯ ಹಗುರ ಮೋಟಾರುಬೈಕು) ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ತಿರುಗುವುದೂ ನಿಂತಲ್ಲೇ ಸಮತೋಲ ಕಾಯ್ದುಕೊಳ್ಳುವುದೂ ಈಗ ತಕ್ಕಮಟ್ಟಿಗೆ ರೂಢಿಯಾಗಿವೆ. ಆದರೆ ಸಡಿಲ ಕಲ್ಲುಗಳು ಹರಡಿರುವ ಕಡಿದಾದ ಏರನ್ನು ಹತ್ತುವಾಗ ಅರ್ಧ ದಾರಿಯಲ್ಲಿಯೇ ಹಿಂದಿನ ಚಕ್ರ ಇದ್ದಲ್ಲೇ ಸುತ್ತತೊಡಗುತ್ತದೆ. ಹಿಡಿತ ಸಿಗಲೆಂದು ಮೈಯನ್ನು ಹಿಂದಕ್ಕೆ ತಂದರೆ ಮುಂದಿನ ಚಕ್ರ ಮೇಲೇಳುತ್ತದೆ. ಏರಿನ ನಡುವೆ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲೊಂದು ಎದುರಾದರಂತೂ ವೇಗವೆಲ್ಲ ಅಲ್ಲಿಯೇ ಮುಗಿದುಹೋಗುತ್ತದೆ. ಮೈಯ ಭಾರ, ಗೇರು ಮತ್ತು ಥ್ರಾಟಲ್ ಇವುಗಳನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ಅನುಭವಿಗಳು ದಯವಿಟ್ಟು ವಿವರಿಸಿ.

ಉತ್ತರ – ಕಲ್ಲುಹಾಸು

ಏರಿನ ಮೇಲೆ ವೇಗವನ್ನು ಗಳಿಸಬಹುದೆಂಬ ಎಣಿಕೆಯನ್ನು ಮೊದಲು ಬಿಡಿ. ಬೇಕಾದ ವೇಗವನ್ನು ಏರಿನ ಬುಡದಲ್ಲಿ, ನೆಲ ಇನ್ನೂ ಗಟ್ಟಿಯಾಗಿರುವ ಕಡೆಯಲ್ಲಿ ಪಡೆದುಕೊಂಡು, ಏರು ಶುರುವಾದ ಮೇಲೆ ಥ್ರಾಟಲನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋಗಬೇಕು. ಚಕ್ರ ಸುತ್ತಲು ಆರಂಭಿಸಿದಾಗ ಇನ್ನಷ್ಟು ಥ್ರಾಟಲ್ ಕೊಡುವುದು ಕೈಯ ಸಹಜ ಪ್ರವೃತ್ತಿ. ಆದರೆ ಸುತ್ತುವ ಟೈರು ಕಲ್ಲುಗಳನ್ನು ಹಿಂದಕ್ಕೆ ಎಸೆದು ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಆ ಕ್ಷಣದಲ್ಲಿ ಥ್ರಾಟಲನ್ನು ತುಸು ಮುಚ್ಚಿ, ಮಂಡಿ ಬಗ್ಗಿಸಿ ಫುಟ್‌ಪೆಗ್‌ಗಳನ್ನು (ಕಾಲಿಡುವ ಮೆಟ್ಟುಗಳನ್ನು) ಕೆಳಕ್ಕೆ ಒತ್ತಿದರೆ ಟೈರು ಮತ್ತೆ ನೆಲವನ್ನು ಹಿಡಿಯುತ್ತದೆ.

ಮೈಯ ಭಾರದ ವಿಷಯದಲ್ಲಿ ನಿಮ್ಮ ತೊಡಕು ನಿಜವಾದದ್ದೇ. ಏರಿನಲ್ಲಿ ಬೈಕಿನ ಭಾರ ತಾನಾಗಿಯೇ ಹಿಂದಿನ ಚಕ್ರದ ಕಡೆಗೆ ಸರಿಯುವುದರಿಂದ ನೀವೂ ಹಿಂದಕ್ಕೆ ಹೋಗಬೇಕಾದ ಅಗತ್ಯ ಬಹಳ ಕಡಿಮೆ. ತಲೆಯನ್ನು ಹ್ಯಾಂಡಲ್‌ಬಾರಿನ ಮೇಲಕ್ಕೆ ತಂದು, ಮೊಣಕೈಗಳನ್ನು ಅಗಲಿಸಿ, ಹಿಡಿತ ಎಷ್ಟು ಬೇಕೆಂಬುದನ್ನು ಸೊಂಟದಿಂದ ಮಾತ್ರ ಹಿಂದೆ ಮುಂದೆ ಸರಿಸಿ ಹೊಂದಿಸಿಕೊಳ್ಳಿ. ತೋಳುಗಳಿಂದ ಹ್ಯಾಂಡಲ್‌ಬಾರನ್ನು ಜಗ್ಗಿ ಹಿಡಿದರೆ ಮುಂದಿನ ಚಕ್ರ ಏಳುವುದು ಖಚಿತ. ಮೈಯನ್ನು ಹೊರಬೇಕಾದವು ಕಾಲುಗಳು. ಕೈಗಳ ಕೆಲಸ ದಿಕ್ಕು ತೋರಿಸುವುದಷ್ಟೇ.

ಟೈರಿನ ಗಾಳಿಯನ್ನೂ ನೋಡಿಕೊಳ್ಳಿ. ಟ್ರಯಲ್ಸ್ ಟೈರುಗಳಲ್ಲಿ ಹಿಂದೆ ಸುಮಾರು 4ರಿಂದ 5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 5ರಿಂದ 6 ಪಿಎಸ್‌ಐ ಇಡುವುದು ವಾಡಿಕೆ. ಹಿಂದಿನ ಟೈರು ಕಲ್ಲಿನ ಆಕಾರಕ್ಕೆ ಬಾಗಿ ಅಪ್ಪಿಕೊಳ್ಳುವುದು ಈ ಕಡಿಮೆ ಒತ್ತಡದಿಂದಲೇ. ಟ್ಯೂಬಿರುವ ಸಾಮಾನ್ಯ ಟೈರಿನಲ್ಲಿ ಮಾತ್ರ ಇಷ್ಟು ಕಡಿಮೆ ಗಾಳಿ ಇಡಬೇಡಿ, ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನು ಕಿತ್ತುಬಿಡಬಹುದು.

ಉತ್ತರ – ನಿಧಾನಗತಿ

ಮೇಲಿನ ಮಾತುಗಳಿಗೆ ಗೇರಿನ ವಿಷಯವನ್ನು ಸೇರಿಸುತ್ತೇನೆ. ಹೆಚ್ಚಿನವರು ಕಡಿದಾದ ಏರನ್ನು ಕಂಡೊಡನೆ ಮೊದಲ ಗೇರಿಗೆ ಇಳಿಯುತ್ತಾರೆ. ಆ ಗೇರಿನಲ್ಲಿ ಚಕ್ರಕ್ಕೆ ಸಿಗುವ ತಿರುಚುಬಲ ಅತಿಯಾಗಿ, ಥ್ರಾಟಲಿನ ಸಣ್ಣ ಅಲುಗಾಟಕ್ಕೂ ಟೈರು ಹಿಡಿತ ಕಳೆದುಕೊಳ್ಳುತ್ತದೆ. ಉದ್ದನೆಯ ಸಡಿಲ ಏರಿಗೆ ಎರಡನೆಯದು, ಓಡಿಬರಲು ಜಾಗವಿದ್ದರೆ ಮೂರನೆಯ ಗೇರು ಮೇಲು; ಟ್ರಯಲ್ಸ್ ಎಂಜಿನ್ನಿನ ಭಾರವಾದ ಫ್ಲೈವೀಲು (ಎಂಜಿನ್ನಿನೊಡನೆ ಸುತ್ತುವ ಚಕ್ರ) ಕಡಿಮೆ ವೇಗದಲ್ಲೂ ಎಂಜಿನ್ ನಿಂತುಹೋಗದಂತೆ ಕಾಯುತ್ತದೆ.

ಕಲ್ಲಿನ ಮೆಟ್ಟಿಲಿಗೆ ಬರುವ ತುಸು ಮೊದಲು ಮಂಡಿ ಬಗ್ಗಿಸಿ ಸಸ್ಪೆನ್ಷನ್ನನ್ನು ಒತ್ತಿ, ಅದು ಮರಳಿ ಏಳುವಾಗಲೇ ಥ್ರಾಟಲನ್ನು ಒಮ್ಮೆ ಚುರುಕಾಗಿ ತಿರುವಿ, ಮುಂದಿನ ಚಕ್ರ ಮೆಟ್ಟಿಲಿನ ಅಂಚಿಗೆ ತಾಗುವಷ್ಟು ಮಾತ್ರ ಎತ್ತಿ. ಅಲ್ಲಿಂದ ಮುಂದಿನದು ಸೂಕ್ಷ್ಮ. ಹಿಂದಿನ ಚಕ್ರ ಮೆಟ್ಟಿಲಿಗೆ ತಾಗುವ ಹೊತ್ತಿಗೆ ಥ್ರಾಟಲ್ ಮುಚ್ಚಿರಬೇಕು ಮತ್ತು ನಿಮ್ಮ ಕಾಲುಗಳು ಸಡಿಲವಾಗಿ, ಬೈಕು ನಿಮ್ಮ ಕೆಳಗೆ ಮೇಲೇರಿ ಬರಲು ಜಾಗ ಕೊಡಬೇಕು. ಆಗಲೂ ಥ್ರಾಟಲ್ ತೆರೆದಿದ್ದರೆ ಚಕ್ರ ಕಲ್ಲಿನ ಮುಖಕ್ಕೆ ಉಜ್ಜಿ ಸುತ್ತುತ್ತದೆ, ಇಲ್ಲವೇ ಬೈಕನ್ನು ನಿಮ್ಮ ಮೇಲೆಯೇ ಒಗೆಯುತ್ತದೆ.

2007ರಿಂದ 2024ರವರೆಗೆ ಪ್ರತಿ ವರ್ಷವೂ ಟ್ರಯಲ್ಸ್ ವಿಶ್ವ ಚಾಂಪಿಯನ್ ಆದ ಸ್ಪೇನಿನ ಸವಾರ ಟೋನಿ ಬೌ ಬಂಡೆಯಿಂದ ಬಂಡೆಗೆ ನೆಗೆಯುವುದನ್ನು ನೋಡಿ ಅದನ್ನೇ ಮೊದಲು ಕಲಿಯಲು ಹೊರಡಬೇಡಿ. ಆ ನೆಗೆತಗಳಿಗೆ ಕ್ಲಚ್ಚನ್ನು ಹಠಾತ್ತಾಗಿ ಬಿಡುವ ಕೌಶಲ ಬೇಕು. ಸಡಿಲ ಏರಿನಲ್ಲಿ ಅದೇ ಅಭ್ಯಾಸ ಹಿಡಿತವನ್ನು ಕೆಡಿಸುತ್ತದೆ. ಕ್ಲಚ್ಚಿನ ಮೇಲೆ ಒಂದೇ ಬೆರಳಿರಲಿ. ಆದರೆ ಏರಿನುದ್ದಕ್ಕೂ ಸಾಧ್ಯವಾದಷ್ಟು ಅದನ್ನು ಮುಟ್ಟದೆ ಹತ್ತುವುದನ್ನೇ ರೂಢಿಸಿಕೊಳ್ಳಿ.

ಏರುದಾರಿ

ಇಬ್ಬರಿಗೂ ಕೃತಜ್ಞತೆಗಳು. ಏರಿನ ನಡುವೆ ನಿಂತೇಹೋದರೆ ಸುರಕ್ಷಿತವಾಗಿ ಕೆಳಗೆ ಬರುವುದು ಹೇಗೆ? ಮುಂದಿನ ಬ್ರೇಕನ್ನು ಎಷ್ಟು ಒತ್ತಿ ಹಿಡಿದರೂ ಬೈಕು ಹಿಂದಕ್ಕೆ ಜಾರುತ್ತದೆ.

ಉತ್ತರ – ಕಲ್ಲುಹಾಸು

ಜಾರುವುದಕ್ಕೆ ಕಾರಣ, ಏರಿನಲ್ಲಿ ಮುಂದಿನ ಚಕ್ರದ ಮೇಲೆ ಭಾರವೇ ಉಳಿದಿರುವುದಿಲ್ಲ. ಎರಡೂ ಕಾಲು ನೆಲದ ಮೇಲಿರುವಾಗ ಹಿಂದಿನ ಬ್ರೇಕು ಕಾಲಿಗೆ ಎಟುಕುವುದೂ ಇಲ್ಲ. ಆದ್ದರಿಂದ ಬೈಕು ನಿಲ್ಲುವುದು ಖಚಿತವಾದ ಕೂಡಲೇ ಎಂಜಿನ್ನನ್ನು ಗೇರಿನಲ್ಲಿಯೇ ಆರಿಸಿ, ಕ್ಲಚ್ಚನ್ನು ಪೂರ್ತಿ ಬಿಟ್ಟುಬಿಡಿ. ಎಂಜಿನ್ನಿನ ಒತ್ತಡವೇ ಹಿಂದಿನ ಚಕ್ರವನ್ನು ಕಟ್ಟಿಹಾಕುತ್ತದೆ. ಬೈಕಿನಿಂದ ಇಳಿದು ಯಾವಾಗಲೂ ಅದರ ಮೇಲ್ಬದಿಯಲ್ಲಿ ನಿಲ್ಲಿ, ಕೆಳಬದಿಯಲ್ಲಿ ಎಂದಿಗೂ ಬೇಡ. ಮುಂದಿನ ಚಕ್ರವನ್ನು ಸ್ವಲ್ಪಸ್ವಲ್ಪವಾಗಿ ಇಳಿಜಾರಿನ ಕಡೆಗೆ ತಿರುಗಿಸಿಕೊಂಡು, ಬೈಕು ಅಡ್ಡವಾದ ಮೇಲೆ ಮತ್ತೆ ಅದನ್ನು ಹತ್ತಿ ಕೆಳಗಿಳಿಯಿರಿ. ಎಂಜಿನ್ ಆರಿಸುವ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳದೆ ಇಂಥ ಏರಿಗೆ ಹೋಗಲೇಬೇಡಿ.

ಇಳಿಯುವಾಗ ಲೆಕ್ಕ ತಲೆಕೆಳಗಾಗಿ, ಹಿಡಿತದ ಬಹುಪಾಲು ಮುಂದಿನ ಚಕ್ರಕ್ಕೆ ಬರುತ್ತದೆ. ಸೊಂಟವನ್ನು ಹಿಂದಕ್ಕೆ ಒಯ್ದು, ಮುಂದಿನ ಬ್ರೇಕನ್ನು ಒಂದೇ ಬೆರಳಿನಿಂದ ಕ್ರಮೇಣ ಬಿಗಿಗೊಳಿಸಿ. ಅದನ್ನು ಹಠಾತ್ತಾಗಿ ಹಿಡಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ. ಹಾಗಾದರೆ ಗಾಬರಿಯಾಗದೆ ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯಿರಿ. ಇದನ್ನು ಮೊದಲು ಚಿಕ್ಕ ಇಳಿಜಾರಿನಲ್ಲಿ, ಬ್ರೇಕು ಯಾವ ಬಿಗಿಯಲ್ಲಿ ಚಕ್ರವನ್ನು ಕಟ್ಟಿಹಾಕುತ್ತದೆಂದು ಬೆರಳಿಗೆ ತಿಳಿಯುವವರೆಗೆ ಅಭ್ಯಾಸ ಮಾಡಿ.